ಬೀಗ ಹಾಕಿದ ಸಭಾಂಗಣದಲ್ಲಿ ಎದ್ದು ನಿಂತ ಪ್ರೇಕ್ಷಕರು

ಸಂಸ್ಕೃತಿ ಇಲಾಖೆಯ ಮಾನ್ಯ ನಿರ್ದೇಶಕರೇ,

ಕಳೆದ ತಿಂಗಳ ಎರಡನೆಯ ಶುಕ್ರವಾರ ಸಂಜೆ ಆರಕ್ಕೆ ನಿಮ್ಮ ಸಭಾಂಗಣದಲ್ಲಿ ನಡೆಯಿತೆಂದು ನೀವು ಹೇಳುತ್ತಿರುವ ಗಾಯನ ಕಾರ್ಯಕ್ರಮ ನಡೆಯಲೇ ಇಲ್ಲ. ಬಾಗಿಲಿಗೆ ಬೀಗ ಹಾಕಿತ್ತು. ಹಾಡಬೇಕಿದ್ದ ಎಪ್ಪತ್ತೊಂದು ವರ್ಷದ ಹೆಂಗಸು ಒಂದೂಕಾಲು ಗಂಟೆ ಮೆಟ್ಟಿಲ ಮೇಲೆ ಕೂತು ಮನೆಗೆ ಹೋದರು. ಮರುದಿನ ಬೆಳಗಾಗುವಷ್ಟರಲ್ಲಿ ತೀರಿಕೊಂಡಿದ್ದರು. ಅವರ ಸಾವಿಗೆ ನೀವು ಕಾರಣ ಎಂದು ನಾನು ಹೇಳುವುದಿಲ್ಲ. ವೈದ್ಯರು ಹೃದಯಾಘಾತ ಎಂದು ಬರೆದಿದ್ದಾರೆ, ಅದನ್ನು ಅಲ್ಲಗಳೆಯಲು ನಾನು ಯಾರು? ನನ್ನ ದೂರು ಇಷ್ಟೇ: ಅದೇ ಬೆಳಗ್ಗೆ ಬಂದ ಪತ್ರಿಕೆಯಲ್ಲಿ ಅವರು ಕಿಕ್ಕಿರಿದ ಸಭೆಯ ಮುಂದೆ ಎರಡು ಗಂಟೆ ಹಾಡಿದ್ದರು. ಹಾಗೆಂದು ನಿಮ್ಮ ಇಲಾಖೆ ತಿಳಿಸಿತು, ನಾನು ಬರೆದೆ.

ನಾನು ಪತ್ರಿಕೋದ್ಯಮದ ಕೊನೆಯ ವರ್ಷದ ವಿದ್ಯಾರ್ಥಿನಿ. ಮೂರು ತಿಂಗಳ ತರಬೇತಿಗೆಂದು ಒಂದು ದಿನಪತ್ರಿಕೆಯ ನಗರ ಪುಟಕ್ಕೆ ಸೇರಿಕೊಂಡಿದ್ದೆ. ಈ ಊರಿನಲ್ಲಿ ದಿನಕ್ಕೆ ಎಷ್ಟೊಂದು ಸಂಸ್ಕೃತಿ ನಡೆಯುತ್ತದೆ ಎಂಬುದು ಅಲ್ಲಿ ಕೂತ ಮೇಲೆಯೇ ನನಗೆ ತಿಳಿದದ್ದು. ಪ್ರತಿ ಮಧ್ಯಾಹ್ನ ನಿಮ್ಮ ಇಲಾಖೆಯಿಂದ ಎರಡೋ ಮೂರೋ ಪ್ರಕಟಣೆಗಳು ಬರುತ್ತಿದ್ದವು. ಆ ಶುಕ್ರವಾರದ್ದು ಬಂದಾಗ ಗಂಟೆ ಮೂರು. ಕಾರ್ಯಕ್ರಮ ಆರಕ್ಕೆ. ಆದರೂ ಅದರಲ್ಲಿ ಗಾಯಕಿ ರಸಿಕರ ಮನಸೂರೆಗೊಂಡಾಗಿತ್ತು, ಸಭೆ ತಲೆದೂಗಿಯಾಗಿತ್ತು, ವಂದನಾರ್ಪಣೆಯೂ ಮುಗಿದಿತ್ತು. ಇಂಥ ಮುಂದಾಲೋಚನೆ ಇರುವ ಇಲಾಖೆಗೆ ಒಂದು ಬೀಗದ ಕೈಯ ಬಗ್ಗೆ ಮಾತ್ರ ಯೋಚನೆ ಬರಲಿಲ್ಲವೇ?

ನಾನು ಹೋಗಿ ನೋಡಿ ಬರುತ್ತೇನೆ ಎಂದಾಗ ಡೆಸ್ಕಿನ ಹಿರಿಯರು ಕನ್ನಡಕ ಮೇಲೆತ್ತಿದರು.

“ಏನು ನೋಡ್ತೀಯಮ್ಮ? ಎಲ್ಲ ಬರೆದು ಕಳಿಸಿದ್ದಾರಲ್ಲ. ಹತ್ತು ಸಾಲು ಮಾಡಿಕೊಡು, ಬಲಗಡೆ ಜಾಗ ಇದೆ. ನಿನ್ನ ಹೆಸರು ಹಾಕ್ತೀನಿ.”

ಹೆಸರು ಎಂದ ಕೂಡಲೇ ನಾನು ಕೂತೆ. ಮರುದಿನ ಪರೀಕ್ಷೆಯೂ ಇತ್ತು. ವಿಷಯ ಪತ್ರಿಕಾ ಧರ್ಮ. ಅರವತ್ತೆಂಟು ಅಂಕ ಬಂದಿದೆ.

ನಿರ್ದೇಶಕರೇ, ಇಡೀ ಪಾಪವನ್ನು ನಿಮ್ಮ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳಲಾರೆ. ನಿಮ್ಮ ಪ್ರಕಟಣೆ ಒಣಕಲಾಗಿತ್ತು. ಓದುವವರಿಗೆ ಕಣ್ಣಿಗೆ ಕಟ್ಟುವ ಹಾಗಿರಬೇಕು ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಅದಕ್ಕೆ ನಾನೇ ಒಂದು ವಾಕ್ಯ ಸೇರಿಸಿದೆ: “ಕೊನೆಯ ಹಾಡಿಗೆ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.” ಬರೆದು ಹಾಸ್ಟೆಲಿಗೆ ಹೋದೆ. ನನ್ನ ಹೆಸರಿನಲ್ಲಿ ಅಚ್ಚಾದ ಮೊದಲ ವರದಿ ಅದು. ಅಪ್ಪ ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಐದು ದಿನ ಕಳೆದ ಮೇಲೆ ಸುಮಾರು ನಲವತ್ತರ ಹೆಂಗಸೊಬ್ಬರು ನನ್ನನ್ನು ಹುಡುಕಿಕೊಂಡು ಕಚೇರಿಗೆ ಬಂದರು. ಗಾಯಕಿಯ ಮಗಳು. ಆಸ್ಪತ್ರೆಯೊಂದರ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅವರ ತಾಯಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದವರು, ವಯಸ್ಸಿನಲ್ಲಿದ್ದಾಗ ರೇಡಿಯೊದಲ್ಲಿ ಹಾಡುತ್ತಿದ್ದವರು. ವೇದಿಕೆ ಹತ್ತಿ ಹನ್ನೊಂದು ವರ್ಷವಾಗಿತ್ತು. ಇದನ್ನೆಲ್ಲ ನಾನು ಕೇಳದೆಯೇ ಹೇಳಿದರು.

“ಅವತ್ತು ನಂಗೆ ಬರೋಕಾಗ್ಲಿಲ್ಲ. ಜೊತೆಯವಳು ರಜ, ಎರಡು ಪಾಳಿ ಒಟ್ಟಿಗೆ ಬಿತ್ತು. ಬೆಳಗ್ಗೆ ಮನೆಗೆ ಬಂದಾಗ ಅಮ್ಮ ಇನ್ನೂ ಮಲಗಿದ್ಲು. ಪೇಪರ್ ತೆಗೆದ್ರೆ ನೀವು ಬರೆದಿದ್ದು. ನಿಂತ್ಕೊಂಡೇ ಓದಿದೆ. ಓದಿ ಹೇಳೋಣ ಅಂತ ಎಬ್ಬಿಸೋಕೆ ಹೋದೆ.”

ಪಕ್ಕದ ಮೇಜಿನವರು ಫೋನಿನಲ್ಲಿ ಯಾರಿಗೋ ನೀರಿನ ಪೈಪು ಒಡೆದ ಸುದ್ದಿಯ ಅಡ್ಡರಸ್ತೆ ಯಾವುದು ಎಂದು ಕೇಳುತ್ತಿದ್ದರು.

“ಒಂದೇ ಒಂದು ಕೇಳ್ಬೇಕಿತ್ತು” ಎಂದರು ಆಕೆ. “ಜನ ಎದ್ದು ನಿಂತ್ರು ಅಂದ್ರಲ್ಲ, ಆ ಕೊನೇ ಹಾಡು ಯಾವುದು?”

ನಾನು ಏನು ಹೇಳಬೇಕಿತ್ತು? ನಿಮ್ಮ ಪ್ರಕಟಣೆಯಲ್ಲಿ ಹಾಡುಗಳ ಹೆಸರು ಇರಲಿಲ್ಲ. “ಹೆಸರು ನೆನಪಾಗ್ತಿಲ್ಲ, ನಿಧಾನದ ಹಾಡು” ಎಂದೆ. ನನ್ನ ನಾಲಿಗೆ ತಡವರಿಸಲೂ ಇಲ್ಲ. ಆಕೆಯ ಮುಖ ಸ್ವಲ್ಪ ಸಡಿಲವಾಯಿತು. “ಹೌದು, ನಿಧಾನದ್ದೇ ಅವಳಿಗೆ ಇಷ್ಟ” ಎಂದು ನಂಬರ್ ಕೊಟ್ಟು ಹೋದರು. ನನಗೆ ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ಮೇಲೆ ಮರಗಟ್ಟಿದ ಕೆನ್ನೆಯ ಹಾಗೆ ಇದ್ದೆ. ಈಗಲೂ ಹೆಚ್ಚು ಕಡಿಮೆ ಹಾಗೇ ಇದ್ದೇನೆ.

ಹಾಡಿನ ಹೆಸರು ಕೇಳಿಕೊಂಡು ಬರೋಣ ಎಂದು ಮರುದಿನ ನಿಮ್ಮ ಸಭಾಂಗಣಕ್ಕೆ ಹೋದೆ. ಎರಡನೆಯ ಮಹಡಿ, ಇನ್ನೂರ ಹತ್ತು ಕುರ್ಚಿ. ಕಸ ಗುಡಿಸುವ ಅಮ್ಮ ಒಬ್ಬರೇ ಇದ್ದರು.

“ಯಾವ ಹಾಡು? ಅವತ್ತು ಬಾಗಿಲೇ ತೆಗೀಲಿಲ್ಲ ಕಣಮ್ಮ. ಕೀಲಿ ಈ ಹಾಲ್ ನೋಡ್ಕೊಳ್ಳೋ ಸಾಹೇಬ್ರ ಹತ್ರ ಇತ್ತು, ಅವರು ಯಾವುದೋ ಟ್ರೈನಿಂಗಿಗೆ ಹೋಗಿದ್ರು. ಆಯಮ್ಮ, ಪಿಟೀಲಿನವರು, ಇಬ್ರೂ ಇಲ್ಲೇ ಮೆಟ್ಟಿಲ ಮೇಲೆ ಕೂತಿದ್ರು. ಕೇಳೋಕೆ ಇಬ್ರು ಬಂದ್ರು, ನೋಡಿದ್ರು, ಹೋದ್ರು.”

“ಅವರು ಏನಾದ್ರೂ ಅಂದ್ರಾ?”

“ಬೈಲಿಲ್ಲ ಪಾಪ. ಟಾಯ್ಲೆಟ್ ಎಲ್ಲಿ ಅಂತ ಕೇಳಿದ್ರು. ಅದೂ ಒಳಗಡೇನೇ, ಬೀಗದೊಳಗೆ. ಸ್ವಲ್ಪ ಹೊತ್ತು ತಡೆದ್ರು. ಆಮೇಲೆ ಇನ್ನಾಗಲ್ಲ ಅಂತ ಎದ್ದು ಹೋದ್ರು. ಇಳಿಯುವಾಗ ಗೋಡೆ ಹಿಡ್ಕೊಂಡು ಇಳಿದ್ರು.”

ಅಲ್ಲಿಂದಲೇ ನಿಮ್ಮ ಪ್ರಕಟಣಾಧಿಕಾರಿಗೆ ಫೋನು ಮಾಡಿದೆ. ಅವರು ತಾಳ್ಮೆಯಿಂದ ಹೇಳಿದರು: “ಕಾರ್ಯಕ್ರಮ ಆಗಿದೆಯಮ್ಮ, ಪೇಪರಲ್ಲೇ ಬಂದಿದೆಯಲ್ಲ. ಕಟಿಂಗ್ ಫೈಲಿಗೆ ಹಾಕಿದ್ದೀವಿ.” ಆ ಪೇಪರಿನಲ್ಲಿ ಬರೆದವಳು ನಾನೇ ಸರ್ ಎಂದೆ. “ಹಾಗಾದ್ರೆ ನಿಮಗೇ ಗೊತ್ತಿರಬೇಕಲ್ಲ” ಎಂದರು. ಕಚೇರಿಗೆ ಬಂದು ತಿದ್ದುಪಡಿ ಹಾಕೋಣ ಎಂದರೆ ಡೆಸ್ಕಿನ ಹಿರಿಯರು, ಇಲಾಖೆ ಬರವಣಿಗೆಯಲ್ಲಿ ಕೊಟ್ಟರೆ ನೋಡೋಣ ಎಂದರು. ನಿಮಗೆ ನಾನು ಸಾಕ್ಷಿ, ನನಗೆ ನೀವು ಸಾಕ್ಷಿ. ಇಂಥ ಗಟ್ಟಿ ಸಂಬಂಧ ಈ ಊರಿನಲ್ಲಿ ಅಣ್ಣತಮ್ಮಂದಿರ ನಡುವೆಯೂ ಇರಲಿಕ್ಕಿಲ್ಲ. ನಗರದ ಸಾಂಸ್ಕೃತಿಕ ಬದುಕು ಅರಳುತ್ತಿದೆ ಎಂದು ವರ್ಷವರ್ಷ ನೀವು ಹೊರತರುವ ವರದಿಯಲ್ಲಿ ಇಂಥ ಎಷ್ಟು ಸಂಜೆಗಳಿವೆ? ಉಳಿದವರೆಲ್ಲ ಅಲ್ಲಿಗೆ ಹೋಗಿದ್ದಾರೆ ಎಂದು ನಂಬಿಕೊಂಡು ನಾವೆಲ್ಲ ಮನೆಯಲ್ಲಿ ಕೂತಿದ್ದೆವು. ಹಾಡುವವರು ಮಾತ್ರ ನಿಜವಾಗಿಯೂ ಹೋಗಿದ್ದರು.

ಮಗಳಿಗೆ ಹೇಳಬೇಕೋ ಬೇಡವೋ ಎಂದು ನಾಲ್ಕು ದಿನ ತೂಗಿದೆ. ಹೇಳದಿದ್ದರೆ ಅವರಿಗೆ ಒಂದು ಒಳ್ಳೆಯ ಸಂಜೆ ಉಳಿಯುತ್ತಿತ್ತು. ಆದರೆ ಅದು ಅವರ ತಾಯಿ ಕಂಡ ಸಂಜೆ ಆಗಿರಲಿಲ್ಲ. ನೀವೂ ನಾನೂ ಕೂಡಿ ಹೊಸೆದದ್ದು. ಐದನೆಯ ದಿನ ಅವರ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ನನ್ನ ಹತ್ತು ಸಾಲಿಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಅದಕ್ಕೆ ಬೆನ್ನು ಮಾಡಿ ಕೂತು ಎಲ್ಲ ಹೇಳಿದೆ, ಚಪ್ಪಾಳೆ ನನ್ನದೇ ಎಂಬುದನ್ನೂ.

ಅವರು ಕೂಗಾಡಲಿಲ್ಲ. ಮಡಚುತ್ತಿದ್ದ ಬಟ್ಟೆಯನ್ನು ಮಡಚಿ ಮುಗಿಸಿದರು.

“ಅವತ್ತು ಎಂಟು ಗಂಟೆಗೆ ಅಮ್ಮ ಫೋನ್ ಮಾಡಿದ್ಲು” ಎಂದರು. “ಕೈಗೆ ಗ್ಲೌಸ್ ಇತ್ತು, ಎತ್ತಲಿಲ್ಲ. ಆಮೇಲೆ ಮಲಗಿರ್ತಾಳೆ ಅಂತ ನಾನೂ ಮಾಡಲಿಲ್ಲ. ನಿಮ್ಮ ಪೇಪರ್ ಓದಿದ ಮೇಲೆ, ಖುಷಿ ಹೇಳ್ಕೊಳ್ಳೋಕೆ ಮಾಡಿರ್ಬೇಕು ಅಂದ್ಕೊಂಡು ಸಮಾಧಾನ ಮಾಡ್ಕೊಂಡಿದ್ದೆ.”

ನಾನು ಕ್ಷಮೆ ಕೇಳಿದೆ. ಅವರು ತಲೆಯಾಡಿಸಿದರು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಈ ಪತ್ರ ಬರೆಯಲೇ ಎಂದು ಕೇಳಿದ್ದಕ್ಕೆ ಮಾತ್ರ ಸ್ಪಷ್ಟವಾಗಿ ಉತ್ತರ ಕೊಟ್ಟರು. “ಬರೀರಿ. ಟಾಯ್ಲೆಟ್ ವಿಷಯಾನೂ ಬರೀರಿ. ಅಮ್ಮ ಇದ್ದಿದ್ರೆ ನಾಚ್ಕೊಳ್ಳೋಳು. ಆದ್ರೂ ಬರೀರಿ.”

ದಿನಪತ್ರಿಕೆ ಇದನ್ನು ತೆಗೆದುಕೊಳ್ಳಲಿಲ್ಲ. ಮುನ್ನೂರು ಪ್ರತಿ ಅಚ್ಚಾಗುವ ನಮ್ಮ ಕಾಲೇಜಿನ ಅಭ್ಯಾಸ ಪತ್ರಿಕೆಯಲ್ಲಿ ಹಾಕುತ್ತಿದ್ದೇವೆ. ಒಂದು ಪ್ರತಿ ನಿಮಗೆ ಅಂಚೆಯಲ್ಲಿ ಬರುತ್ತದೆ. ನಾನು ಕೇಳುವುದು ತನಿಖೆಯಲ್ಲ, ವಿಷಾದದ ಇನ್ನೊಂದು ಪ್ರಕಟಣೆಯಂತೂ ಬೇಡವೇ ಬೇಡ. ನಿಮ್ಮ ಫೈಲಿನಿಂದ ನನ್ನ ಕಟಿಂಗ್ ತೆಗೆಸಿ. ಆ ಜಾಗದಲ್ಲಿ, ಅಂದು ಕಾರ್ಯಕ್ರಮ ನಡೆಯಲಿಲ್ಲ, ಗಾಯಕಿ ಬಂದಿದ್ದರು, ಇಲಾಖೆ ಬಂದಿರಲಿಲ್ಲ ಎಂದು ಬರೆದು ಸಹಿ ಹಾಕಿ, ಅದರ ಒಂದು ಪ್ರತಿಯನ್ನು ಅವರ ಮಗಳಿಗೆ ಕೊಡಿ. ಅಂಚೆಯಲ್ಲಿ ಬೇಡ, ನೀವೇ ಹೋಗಿ. ವಿಳಾಸ ನಾನು ಕೊಡುತ್ತೇನೆ. ಮಂಗಳವಾರ ಅವರಿಗೆ ರಜ, ಮನೆಯಲ್ಲಿರುತ್ತಾರೆ.

ಇಂತಿ,
ಆ ಸಂಜೆ ನಿಮ್ಮಂತೆಯೇ ಅಲ್ಲಿರದಿದ್ದ
ವರದಿಗಾರ್ತಿ