ನೀರಿನ ಮೇಲೆ ಹಾಕಿ ಆಡುವವರು

ಮದ್ದೂರು, ಪೇಟೆ ಬೀದಿ
20-2-1944, ಭಾನುವಾರ

ಪ್ರೀತಿಯ ತಮ್ಮ ಹಮೀದನಿಗೆ ನಿನ್ನ ಆಪಾ ಹಬೀಬುನ್ನೀಸಾಳ ಸಲಾಮು, ಅಮ್ಮಿಯ ದುವಾ.

ಹೇಗಿದ್ದೀಯ? ಕಾಲ್ಬೆರಳು ಮರಗಟ್ಟಿವೆ ಎಂದು ಬರೆದಿದ್ದೆಯಲ್ಲ, ಈಗ ವಾಸಿಯೇ? ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಕೋ. ಪರ್ಷಿಯಾ ದೇಶದಲ್ಲಿ ಎಳ್ಳೆಣ್ಣೆ ಸಿಗುತ್ತದೋ ಇಲ್ಲವೋ ನಾ ಕಾಣೆ, ಆದರೆ ಸುಲಭಕ್ಕೆ ಸಿಕ್ಕಿತೆಂದು ನಿನ್ನ ಲಾರಿಯ ಎಣ್ಣೆಯನ್ನು ಮಾತ್ರ ಬಳಿದುಕೊಳ್ಳಬೇಡ, ಅಷ್ಟು ಸೋಮಾರಿ ನೀನು. ಅಮ್ಮಿಯ ಮಂಡಿನೋವು ಇದ್ದ ಹಾಗೇ ಇದೆ. ನಿನ್ನ ಭಾವ ಮಂಡ್ಯದ ಸಕ್ಕರೆ ಕಾರ್ಖಾನೆಯಿಂದ ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಅಕ್ಕಿ, ಸೀಮೆಎಣ್ಣೆ ಎಲ್ಲವೂ ರೇಷನ್ನು. ಅಬ್ಬಾಗೆ ಲಾಳ ಮಾಡಲು ಕಬ್ಬಿಣ ಸಿಗುವುದೇ ಕಷ್ಟವಾಗಿ, ಹಳೆಯ ಗಾಡಿಚಕ್ರದ ಪಟ್ಟಿ ಕಡಿದು ಎತ್ತುಗಳ ಕಾಲಿಗೆ ಕಟ್ಟುತ್ತಿದ್ದಾರೆ. ಇಷ್ಟು ಬಿಟ್ಟರೆ ಎಲ್ಲರೂ ಕ್ಷೇಮ. ಇನ್ನು ನೀನು ಪ್ರತಿ ಕಾಗದದ ಕೊನೆಗೂ ಕೇಳುತ್ತೀಯಲ್ಲ, ಅಬ್ಬಾ ನನ್ನ ಹೆಸರೆತ್ತಿದರಾ ಎಂದು, ಅದಕ್ಕೆ ಈ ಸಲವೂ ಹಳೆಯ ಉತ್ತರವೇ. ಎತ್ತಿಲ್ಲ. ಹಾಗೆಂದು ಕಾಗದ ಮಡಿಚಿ ಜೇಬಿಗಿಟ್ಟುಕೊಳ್ಳಬೇಡ. ಶುಕ್ರವಾರ ಒಂದು ಸಂಗತಿ ನಡೆದಿದೆ. ಅದನ್ನು ಮೊದಲಿನಿಂದ ಹೇಳದಿದ್ದರೆ ನಿನಗೆ ತಿಳಿಯುವುದಿಲ್ಲ.

ನಿನ್ನ ಮೇಲೆ ನನಗೂ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಪಟ್ಟಾಳಕ್ಕೆ ಸೇರಿದ್ದಕ್ಕಲ್ಲ, ಲಾರಿ ಕಲಿತದ್ದಕ್ಕೂ ಅಲ್ಲ. ಹೊರಡುವ ದಿನ ಲಾಳದ ಕೊಟ್ಟಿಗೆಯಲ್ಲಿ ನಿಂತು ಆಡಿದೆಯಲ್ಲ, ಆ ಮಾತಿಗೆ. "ಇನ್ನತ್ತು ವರ್ಸಕ್ಕೆ ರಸ್ತೆ ಮ್ಯಾಲೆ ಎತ್ತೇ ಇರಾಕಿಲ್ಲ, ಆಗ ಯಾರ ಕಾಲ್ಗೆ ಒಡೀತೀರ ನಿಮ್ ಲಾಳವ?" ಎಂದೆ. ನಮ್ಮ ಮನೆಮಾತಿನಲ್ಲಿ ಹೇಳಿದ್ದರೆ ಅದು ಮನೆಯೊಳಗೇ ಉಳಿಯುತ್ತಿತ್ತು. ನೀನು ಗಾಡಿಯವರೆಲ್ಲ ಕೂತಿದ್ದಾಗ, ಅವರೆಲ್ಲರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಿದೆ. ನಗದವನು ಯಾರಿದ್ದ? ಅವತ್ತು ಸಂಜೆ ಅಬ್ಬಾ ಊಟಕ್ಕೆ ಕೂತು, ಈ ಮನೆಯಲ್ಲಿ ಇನ್ನು ಅವನ ಹೆಸರು ಎತ್ತಕೂಡದು ಎಂದರು. ಎರಡು ವರ್ಷವಾಯಿತು. ಅಮ್ಮಿ ನಿನಗಾಗಿ ದುವಾ ಕೇಳುವಾಗಲೂ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾಳೆ.

ಆದರೆ ನಿನ್ನ ಕಾಗದ ಓದಬಾರದು ಎಂದು ಅಬ್ಬಾ ಯಾವತ್ತೂ ಹೇಳಲಿಲ್ಲ. ಆ ಸಂದಿಯಲ್ಲೇ ನಾನು ನುಸುಳಿಕೊಂಡೆ. ಕೊಟ್ಟಿಗೆಗೂ ಮನೆಗೂ ನಡುವಿನ ಬಾಗಿಲಿಗೆ ಪರದೆ ಇದೆಯಲ್ಲ, ಅದರ ಒಳಗೆ ನಿಂತು ಗಟ್ಟಿಯಾಗಿ ಓದುತ್ತೇನೆ. ಎತ್ತು ಹೊಡೆದುಕೊಂಡು ಬಂದವರು ಆಚೆ ಕೂತು ಕೇಳುತ್ತಾರೆ. ಪುಣ್ಯಕ್ಕೆ ನಾವಿಬ್ಬರೂ ಕನ್ನಡ ಶಾಲೆಗೆ ಹೋದವರು, ನಿನ್ನ ಕಾಗದ ಊರಿಗೆಲ್ಲ ತಿಳಿಯುತ್ತದೆ. ಸೋಮನಹಳ್ಳಿಯಿಂದ ಮಳವಳ್ಳಿಯವರೆಗಿನ ಗಾಡಿಯವರಿಗೆ ನನ್ನ ಮುಖ ಗೊತ್ತಿಲ್ಲ, ದನಿ ಮಾತ್ರ ಗೊತ್ತು. ನಾನು ಓದಲು ಶುರು ಮಾಡಿದರೆ ಅಬ್ಬಾ ಸುತ್ತಿಗೆಯನ್ನು ಇನ್ನೂ ಜೋರಾಗಿ ಹೊಡೆಯುತ್ತಿದ್ದರು. ನಾನೂ ಪೀರ್ ಪಾಷಾ ಸಾಹೇಬರ ಮಗಳೇ ಅಲ್ಲವೇ, ಅದಕ್ಕಿಂತ ಜೋರಾಗಿ ಓದುತ್ತಿದ್ದೆ.

ಚಳಿಗಾಲ ಹಿಡಿದಾಗ ನೀನು ಬರೆದ ಕಾಗದದಲ್ಲಿ ಒಂದು ಸಾಲಿತ್ತು: "ಇಲ್ಲಿ ರಷ್ಯಾ ದೇಶದ ಸಿಪಾಯಿಗಳು ಕೆರೆಯ ನೀರಿನ ಮೇಲೆ ಹಾಕಿ ಆಡುತ್ತಾರೆ, ನೋಡಲು ಎರಡು ಕಣ್ಣು ಸಾಲದು." ಅದರ ಮುಂದಿನ ಸಾಲಿಗೆ ಸರ್ಕಾರದವರು ಕರಿ ಮಸಿ ಬಳಿದುಬಿಟ್ಟಿದ್ದರು. ನಾನು ಇದ್ದುದನ್ನು ಇದ್ದ ಹಾಗೆ ಓದಿದೆ. ಗಾಡಿ ಅಂಕಯ್ಯ ತಕ್ಷಣ, "ಏನ್ನ ಆಕಿ ಆಡ್ತಾರವ್ವ?" ಎಂದ. ನಾನು ಮತ್ತೆ ಓದಿದೆ. ನೀರಿನ ಮೇಲೆ ಹಾಕಿ, ಆಡುತ್ತಾರೆ. ಏನನ್ನು ಹಾಕುತ್ತಾರೆ ಎಂದು ನೀನು ಬರೆದಿಲ್ಲ! ಎದುರುಗಡೆಯ ಕಾಫಿ ಹೋಟೆಲಿನ ಚೌಡಯ್ಯ, "ತೆಪ್ಪ ಆಕಿರ್ತಾರೆ ಕಣ್ಲಾ, ಅದ್ರ ಮ್ಯಾಲೆ ನಿಂತ್ಕಂಡು ಆಡ್ತಾರೆ" ಎಂದ. ಕೊತ್ತತ್ತಿಯ ಮರಿಸಿದ್ದಯ್ಯ, ಯಾವುದನ್ನೂ ಒಂದೇ ಸಲಕ್ಕೆ ನಂಬದ ಗೌಡ, "ಬಲೆ ಆಕಿ ಮೀನ್ ಇಡಿಯಾದ್ನೇ ಇವ್ನು ಆಟ ಅಂದವ್ನೆ, ಬುಡಿ" ಎಂದ. ತೆಪ್ಪವೋ ಬಲೆಯೋ ಎಂದು ಇಡೀ ಪೇಟೆ ಎರಡು ಪಾಲಾಯಿತು. ಕೊನೆಗೆ ನಿನ್ನ ಭಾವ ಬಂದು, ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕು, ಹಾಕಿ ಎಂದರೆ ಹಾಕುವುದಲ್ಲ, ಅದು ಆಟದ ಹೆಸರು, ಮೈಸೂರಿನ ಕಾಲೇಜು ಹುಡುಗರು ಕೊನೆ ಬಾಗಿದ ಕೋಲು ಹಿಡಿದು ಚೆಂಡು ಹೊಡೆಯುತ್ತಾರೆ ಎಂದು ಬಿಡಿಸಿ ಹೇಳಿದರು. ಆಟ ತಿಳಿಯಿತು. ಆದರೆ ನೀರಿನ ಮೇಲೆ ಹೇಗೆ ಆಡುತ್ತಾರೆಂಬುದು ಅವರಿಗೂ ತಿಳಿಯಲಿಲ್ಲ.

ಅದನ್ನು ನಿನ್ನ ಮುಂದಿನ ಕಾಗದ ತಿಳಿಸಿತು. ಹಮೀದ್, ಅದನ್ನು ನಾನು ಎರಡೆರಡು ಸಲ ಓದಿದೆ. ಇಡೀ ಕೆರೆಯೇ ಬಂಡೆಯ ಹಾಗೆ ಗಟ್ಟಿಯಾಗುತ್ತದೆ, ಅದರ ಮೇಲೆ ಲಾರಿ ಓಡಿಸಿದರೂ ಬಿರುಕು ಬಿಡುವುದಿಲ್ಲ, ಹೊತ್ತು ಮುಳುಗಿದ ಮೇಲೆ ಅದು ಒಳಗಿನಿಂದ ನರಳುವ ಸದ್ದು ಕೇಳುತ್ತದೆ ಎಂದು ಬರೆದಿದ್ದೆ. ನಾವು ಕಂಡದ್ದು ಮಳೆಗಾಲದ ಆಲಿಕಲ್ಲು, ಸೆರಗಿನಲ್ಲಿ ಹಿಡಿದು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಕರಗಿ ಹೋಗುವಂಥದು. ಒಂದೂರಿನ ಕೆರೆಯೇ ಆಲಿಕಲ್ಲಾದರೆ ಹೇಗಿದ್ದೀತು? ಅದರ ಮೇಲೆ ಗಂಡಸರು ಕಾಲೆತ್ತಿ ಇಡದೆ, ಗಾಳಿಯಲ್ಲಿ ತೇಲುವ ಹದ್ದಿನ ಹಾಗೆ ಜಾರಿ ಹೋಗುವುದು ಹೇಗಿದ್ದೀತು? ಅಮ್ಮಿ ಮಾರನೆಯ ಬೆಳಿಗ್ಗೆ ಕೆರೆ ಏರಿಯ ಮೇಲೆ ನಿಂತು ನಮ್ಮ ನೀರನ್ನೇ ನೋಡುತ್ತಿದ್ದಳು. "ಅಲ್ಲಾ ನಮಗೆ ತೋರಿಸದೆ ಏನೇನು ಮಾಡಿಟ್ಟಿದ್ದಾನೋ" ಎಂದಳು. ಇಷ್ಟು ದೊಡ್ಡ ಪ್ರಪಂಚದಲ್ಲಿ ನಮ್ಮ ಮನೆಯ ಹುಡುಗ ಒಬ್ಬನೇ ನಿಂತು ಅದನ್ನು ನೋಡುತ್ತಿದ್ದಾನೆ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅದೇ ಕಾಗದದಲ್ಲಿ ನೀನು ಆಟಗಾರರ ಹೆಸರು ಬರೆದು ದೊಡ್ಡ ಅನಾಹುತ ಮಾಡಿದೆ. ಮಿಂಚಿನ ಹಾಗೆ ನುಗ್ಗುವ ವಾಸಿಲಿ, ಗೋಲು ಕಾಯುವ ಇಗ್ನಾತ್. ಇವರಿಬ್ಬರಲ್ಲಿ ಯಾರು ಹೆಚ್ಚು ಎಂದು ಅಲ್ಲಿಯ ಸಿಪಾಯಿಗಳೇ ತಗಡಿನ ಲೋಟ ಕುಟ್ಟಿಕೊಂಡು ಜಗಳವಾಡುತ್ತಾರೆಂದೂ ಬರೆದಿದ್ದೆ. ಈಗ ಇಲ್ಲಿ ಹಿತ್ತಾಳೆ ಲೋಟ ಕುಟ್ಟುತ್ತಿದ್ದಾರೆ. ಅಂಕಯ್ಯನದು ವಾಸಿಲಿಯ ಕಡೆ, ಅವನ ಬಾಯಲ್ಲಿ ವಾಸ್ಲಯ್ಯ. "ಕರ ತಾಯ್ ಇಂದೆ ಓಡ್ದಂಗೆ ಚೆಂಡು ಅವನ್ ಕೋಲ್ ಇಂದೆ ಓಡ್ತದಂತೆ, ಅವನ್ಗಿಂತ ಇನ್ಯಾರ್ಲಾ ಬೇಕು?" ಎನ್ನುತ್ತಾನೆ. ಚೌಡಯ್ಯನದು ಇಗ್ನಾತನ ಕಡೆ, ಅವನನ್ನು ಇಗ್ನಪ್ಪ ಮಾಡಿದ್ದಾನೆ. "ಓಡೋನ್ಗೆ ಮೈ ಬೆಚ್ಚಗಾಯ್ತದೆ ಕಣ್ಲಾ. ಆ ಚಳೀಲಿ ಕೈನಾಗೆ ಕೋಲೂ ಇಲ್ದೆ ನಿಂತ್ ಜಾಗ್ದಲ್ಲೇ ನಿಂತ್ಕಂಡು ಕಾಯೋನ್ ಗಂಡ್ಸು!" ಎನ್ನುತ್ತಾನೆ. ದಿನವಿಡೀ ಒಲೆಯ ಮುಂದೆ ನಿಂತ ಜಾಗದಲ್ಲೇ ನಿಲ್ಲುವವನು ಹಾಗಲ್ಲದೆ ಇನ್ನು ಹೇಗೆ ಹೇಳಿಯಾನು? ಅಲ್ಲಿಯ ಗಡ್ಡದ ಕಪ್ತಾನ ಒಬ್ಬ, ಇವರಿಬ್ಬರೂ ಏನಲ್ಲ, ರಷ್ಯಾದಲ್ಲಿ ಇದುವರೆಗೆ ಹುಟ್ಟಿದವರಲ್ಲೆಲ್ಲ ದೊಡ್ಡವನು ನಮ್ಮೂರಿನ ಒಬ್ಬ ಮುದುಕ, ನಾನು ಚಿಕ್ಕವನಾಗಿದ್ದಾಗ ನೋಡಿದ್ದೆ ಎಂದನಂತಲ್ಲ, ಆ ಮುದುಕನಿಗೂ ಇಲ್ಲಿ ಕಡೆಯವರಿದ್ದಾರೆ. ಯಾರೂ ನೋಡದ ಆಟಗಾರನನ್ನು ಸೋಲಿಸುವುದು ಕಷ್ಟ. ಇವರಲ್ಲಿ ಒಬ್ಬನೂ ಚಳಿ ಎಂದರೆ ಧನುರ್ಮಾಸದ ಬೆಳಗಿನ ಚಳಿಗಿಂತ ಹೆಚ್ಚಿನದನ್ನು ಕಂಡವನಲ್ಲ. ಆದರೂ ಕಣ್ಣಾರೆ ಕಂಡು ಬಂದವರ ಹಾಗೆ ವಾದ ಮಾಡುತ್ತಾರೆ. ಮಳವಳ್ಳಿ ಸಂತೆಯಲ್ಲಿ ಗುರುತಿಲ್ಲದವನೊಬ್ಬ ನಮ್ಮ ಅಂಕಯ್ಯನನ್ನು ತಡೆದು, "ವಾಸ್ಲಯ್ಯನ ಸಮಾಚಾರ ಏನಾರ ಬಂತೇನಣ್ಣ?" ಎಂದು ಕೇಳಿದನಂತೆ.

ಈಗ ಅಬ್ಬಾ ವಿಷಯ. ಆ ಆಟಗಾರರು ಬೂಟಿನ ಅಡಿಗೆ ಕಬ್ಬಿಣದ ಪಟ್ಟಿ ಬಿಗಿದುಕೊಳ್ಳುತ್ತಾರೆ, ನಮ್ಮಲ್ಲಿ ಎತ್ತಿಗೆ ಲಾಳ ಕಟ್ಟಿದ ಹಾಗೆ, ಎಂದು ನೀನು ಅದೇ ಕಾಗದದಲ್ಲಿ ಬರೆದಿದ್ದೆ. ಅದನ್ನು ಬೇಕೆಂದೇ ಬರೆದೆಯೋ, ತೋಚಿದ್ದಕ್ಕೆ ಬರೆದೆಯೋ ನಿನಗೇ ಗೊತ್ತು. ನಾನು ಆ ಸಾಲು ಓದಿದೆ, ಸುತ್ತಿಗೆ ನಿಂತಿತು. ಅಂಕಯ್ಯ, "ಅಂಗಾರೆ ಅವರ್ನೂ ಕೆಡವಿ, ಕಾಲ್ ಕಟ್ಟಾಕಿ ಒಡೀತಾರಾ ಸಾಬ್ರೇ?" ಎಂದದ್ದಕ್ಕೆ ಎಲ್ಲರೂ ನಕ್ಕರು. ಅಬ್ಬಾ ನಗಲಿಲ್ಲ. ಕೈಯಲ್ಲಿದ್ದ ಎತ್ತಿನ ಗೊರಸನ್ನು ನೋಡುತ್ತಾ, ಆ ಎತ್ತಿಗೇ ಹೇಳುವ ಹಾಗೆ, "ಮೊಳೆ ಯಾವ್ದು ಒಡೀತಾರೋ" ಎಂದರು. ಅಷ್ಟೇ. ಆದರೆ ಆಮೇಲಿನ ದಿನಗಳಲ್ಲಿ ಗಾಡಿಯವರು ಕೇಳಿದರೆಂದು ನಾನು ಅದೇ ಕಾಗದವನ್ನು ಮತ್ತೆ ಓದುವಾಗ ಸುತ್ತಿಗೆಯ ಸದ್ದೇ ಇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ಯಾರೂ ಇಲ್ಲದಾಗ ಪರದೆ ಸರಿಸಿ ನೋಡಿದೆ. ಕಾದ ಕಬ್ಬಿಣ ಅದ್ದುವ ನೀರಿನ ಬಾನಿಯ ಮುಂದೆ ಕೂತು, ಅಂಗೈಯನ್ನು ಚಪ್ಪಟೆಯಾಗಿ ನೀರಿನ ಮೇಲಿಟ್ಟು ಮೆಲ್ಲಗೆ ಒತ್ತುತ್ತಿದ್ದರು. ಕೈ ಮುಳುಗಿತು. ತೆಗೆದು, ಒರೆಸಿಕೊಂಡು, ಮತ್ತೆ ಇಟ್ಟರು. ನಾನು ಪರದೆ ಬಿಟ್ಟುಬಿಟ್ಟೆ. ಅವತ್ತು ಬಹಳ ಅತ್ತೆ, ಅಮ್ಮಿಗೂ ಹೇಳಲಿಲ್ಲ.

ಈ ಆಟದ ಮೂರನೆಯ ಕಾಗದ ಶುಕ್ರವಾರ ಬಂತು. ನಮಾಜು ಮುಗಿಸಿ ಅಬ್ಬಾ ಕೊಟ್ಟಿಗೆಗೆ ಬಂದಿದ್ದರು, ಲಾಳ ಕಟ್ಟಲು ಮರಿಸಿದ್ದಯ್ಯನ ಎತ್ತನ್ನು ಕೆಡವಿದ್ದರು. ವಾಸಿಲಿ ತನ್ನ ಕಬ್ಬಿಣದ ಬೂಟನ್ನು ನಿನ್ನ ಕಾಲಿಗೇ ಬಿಗಿದು, ಕೆರೆಯ ನಡುವೆ ಕರೆದೊಯ್ದು ಕೈ ಬಿಟ್ಟ ಕಥೆ ಓದಿದೆ. ನೀನು ಜಾರಿದ್ದು, ಬಿದ್ದದ್ದು, ಬಿದ್ದ ಕಡೆ ಗಾಜಿನ ಹಾಗಿದ್ದ ನೀರಿನಲ್ಲಿ ಕಣ್ಣಿಟ್ಟಾಗ ಬಹಳ ಕೆಳಗೆ ಒಂದು ಮೀನು ಈಜುವುದು ಕಂಡದ್ದು. ಆಮೇಲೆ ಮರಿಸಿದ್ದಯ್ಯ ಬಾಯಿ ಬಿಟ್ಟ. "ಇಷ್ಟ್ ದಿವ್ಸ ಸುಮ್ಕಿದ್ದೆ ಕಣವ್ವ. ಮ್ಯಾಲೆ ಮನ್ಸ, ಕೆಳಗೆ ಮೀನು, ಮಧ್ಯ ನೀರೇ ಕಲ್ಲಂತೆ! ಇಡೀ ಪ್ಯಾಟೇನೇ ಮಂಗ ಮಾಡ್ತಾವ್ನೆ ಆ ಐದ. ಬರೀ ಸುಳ್ಳು" ಎಂದ. ಅಂಕಯ್ಯ ನೆಲ ನೋಡಿದ, ಚೌಡಯ್ಯ ತನ್ನ ಹೋಟೆಲಿನ ಕಡೆ ತಿರುಗಿದ. ಯಾಕೆಂದರೆ ಮನಸ್ಸಿನ ಮೂಲೆಯಲ್ಲಿ ಎಲ್ಲರಿಗೂ ಆ ಅನುಮಾನ ಇದ್ದೇ ಇತ್ತು.

ಆಗ ಅಬ್ಬಾ ಎದ್ದರು. ಎತ್ತಿನ ಕಾಲಿನ ಹಗ್ಗವನ್ನು ಬಿಚ್ಚತೊಡಗಿದರು. ಒಂದು ಕಾಲಿಗೆ ಲಾಳ ಬಿದ್ದಿತ್ತು, ಇನ್ನೂ ಮೂರು ಕಾಲು ಬಾಕಿ. "ಯಾಕ್ ಸಾಬ್ರೇ?" ಎಂದ ಮರಿಸಿದ್ದಯ್ಯ. ಅಬ್ಬಾ, "ಒಡ್ಕಂಡೋಗು ನಿನ್ನೆತ್ತ. ನನ್ ಮಗ ಬಾಯ್ ಜೋರಿನೋನು, ಒಪ್ಕತೀನಿ. ಸುಳ್ ಯೋಳೋನಲ್ಲ" ಎಂದರು. ನನ್ ಮಗ ಎಂದರು, ಹಮೀದ್. ಹತ್ತು ಜನರ ಮುಂದೆ, ಅದೇ ಕೊಟ್ಟಿಗೆಯಲ್ಲಿ, ಕನ್ನಡದಲ್ಲಿ. ನಾನು ಪರದೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಮೇಲಿನ ಹುರಿಯೇ ಕಿತ್ತು ಬಂತು. ಮರಿಸಿದ್ದಯ್ಯ ಕೆಟ್ಟವನಲ್ಲ. ಬಿಚ್ಚಿದ ಹಗ್ಗವನ್ನು ಎತ್ತಿ ಅಬ್ಬಾ ಕೈಗೆ ಕೊಟ್ಟು, "ತಪ್ಪಾಯ್ತು ಸಾಬ್ರೇ, ನೀರು ಕಲ್ಲೇ. ನೀವ್ ಯೋಳುದ್ ಮ್ಯಾಲೆ ಮುಗೀತು" ಎಂದ. ಅಬ್ಬಾ ಮತ್ತೆ ಎತ್ತನ್ನು ಕೆಡವಿ ಉಳಿದ ಕಾಲಿಗೂ ಲಾಳ ಕಟ್ಟಿ ಕಳುಹಿಸಿದರು. ರಾತ್ರಿ ಊಟಕ್ಕೆ ಕೂತಾಗ ಏನಾದರೂ ಹೇಳಿಯಾರೆಂದು ನಾನೂ ಅಮ್ಮಿಯೂ ಕಾದೆವು. ಸಾರಿಗೆ ಉಪ್ಪು ಕಡಿಮೆ ಎಂದರು.

ಇದೇ ನಡೆದದ್ದು. ಇನ್ನು ನೀನು ಮಾಡಬೇಕಾದ ಕೆಲಸ. ಆ ಕಬ್ಬಿಣವನ್ನು ಬೂಟಿಗೆ ಮೊಳೆಯಿಂದ ಹೊಡೆಯುತ್ತಾರೋ, ತಿರುಪಿನಿಂದ ಬಿಗಿಯುತ್ತಾರೋ, ತೊಗಲಿನ ಪಟ್ಟಿಯಿಂದ ಕಟ್ಟುತ್ತಾರೋ ಸರಿಯಾಗಿ ನೋಡಿ ಬರಿ. ಯಾರಿಗಾಗಿ ಎಂದು ಬಿಡಿಸಿ ಹೇಳಬೇಕಿಲ್ಲ. ವಾಸಿಲಿಗೆ ಅಂಕಯ್ಯನ ನಮಸ್ಕಾರ ತಿಳಿಸು. ಇಗ್ನಾತನಿಗೆ ಮದ್ದೂರಿನಲ್ಲಿ ಬದುಕಿರುವವರೆಗೂ ಬಿಟ್ಟಿ ಕಾಫಿ ಇದೆಯೆಂದು ಚೌಡಯ್ಯ ಹೇಳಿದ್ದಾನೆ. ನಿನ್ನ ಭಾವನ ಸಲಾಮು. ಅಮ್ಮಿ ನಿನ್ನ ಹಣೆಗೆ ಮುತ್ತಿಡುತ್ತಾಳೆ. ಹೊಟ್ಟೆ ತುಂಬ ಉಣ್ಣು, ಕಿವಿಗೆ ಬಟ್ಟೆ ಕಟ್ಟಿಕೋ. ಅಲ್ಲಾ ನಿನ್ನ ಕಾಲ ಕೆಳಗಿನ ನೆಲವನ್ನು, ಅದು ನೀರೇ ಆಗಿರಲಿ, ಗಟ್ಟಿಯಾಗಿಟ್ಟಿರಲಿ.

ನಿನ್ನ ಆಪಾ,
ಹಬೀಬುನ್ನೀಸಾ

ಮತ್ತೆ: ಟಪಾಲು ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಕಾಗದಕ್ಕೆ ಅಂಟು ಹಚ್ಚುತ್ತಿದ್ದೆ, ಅಬ್ಬಾ ಬಂದು ಬಾಗಿಲಲ್ಲಿ ನಿಂತರು. ಮುಚ್ಚಿಬಿಟ್ಟೆಯಾ ಎಂದರು. ಇಲ್ಲ ಎಂದೆ. ಆ ನೀರಿನ ಮೇಲೆ ಇನ್ನೊಂದು ಸಲ ಕಾಲಿಡಬೇಡ ಅಂತ ಬರಿ, ನರಳುವ ಕೆರೆಯನ್ನು ನಂಬಬಾರದು ಎಂದರು. ಈ ಕಾಗದ ಮುಟ್ಟುವಷ್ಟರಲ್ಲಿ ಅಲ್ಲಿ ಬೇಸಿಗೆ ಬಂದು ಎಲ್ಲ ಕರಗಿರುತ್ತದೆ ಅಬ್ಬಾ ಎಂದೆ. ಆದರೂ ಬರಿ ಎಂದರು. ಬಾಯಿ ತಡೆಯಲಾರದೆ, ಯಾರು ಹೇಳಿದರೆಂದು ಬರೆಯಲಿ ಎಂದು ಕೇಳಿಬಿಟ್ಟೆ. ನನ್ನ ಕೈಯಲ್ಲಿದ್ದ ಲೇಖನಿಯನ್ನು ತೆಗೆದುಕೊಂಡು, ಮಸಿಯಲ್ಲಿ ಅದ್ದಿ, ನನ್ನ ಕೈಗೇ ಕೊಟ್ಟರು. ಆಮೇಲೆ ಹೇಳಿದರು: ಹಮೀದನ ಅಬ್ಬಾ ಹೇಳಿದ ಅಂತ ಬರಿ.