ನನ್ನ ಕೇಳುಗರು ರೋಬೋಟ್ ಅಲ್ಲ

ಮಾರ್ಚ್ 3, ಬೆಳಗ್ಗೆ

ಇವತ್ತೂ ಬಟ್ಟೆ ಬೀರುವಿನೊಳಗೆ ಕೂತೇ ಓದಿ ರೆಕಾರ್ಡ್ ಮಾಡಿದ್ದು. ಪಕ್ಕದ ಮನೆಯ ಹುಂಜಕ್ಕೆ ಕಾದಂಬರಿ ಕಂಡರಾಗದು. ಅಧ್ಯಾಯ ಶುರುವಾದರೆ ಸಾಕು, ಕೂಗು. ತೂಗುಹಾಕಿದ ಬಟ್ಟೆಗಳು ಸದ್ದು ಹೀರುತ್ತವೆ. ಬೆವರು ಮಾತ್ರ ನನ್ನದು. ಹೊರಗೆ ನಿಯೂರ್ಕಾ ಬಾಗಿಲು ಒತ್ತಿ ಹಿಡಿದಿದ್ದಳು. ಅಣ್ಣನ ಮಗಳು. ಫೋನಿನ ವ್ಯವಹಾರವೆಲ್ಲ ಅವಳದು, ಓದು ನನ್ನದು.

"ಅತ್ತೆ, ಒಂದು ನಿಮಿಷಕ್ಕೆ ಇಳಿಸಿ. ಉದ್ದ ಆದ್ರೆ ಜನ ಓಡಿಹೋಗ್ತಾರೆ."

"ಚುಟ್ಟಾ ಫ್ಯಾಕ್ಟರೀಲಿ ಇಡೀ ಹಾಲಿಗೆ ಓದಿದೋಳು ನಾನು. ಒಬ್ರೂ ಓಡಿಹೋಗಿಲ್ಲ."

"ಅವರಿಗೆ ಬಾಗಿಲು ಹಾಕಿರ್ತಿತ್ತು!"

ನನ್ನ ಪಿಂಚಣಿ ಡೇಟಾ ಪ್ಯಾಕಿಗೇ ಮುಗಿಯುತ್ತದೆ. ಓದು ಹಾಕುವ ಆ್ಯಪಿನ ಕಂಪನಿ ಇಲ್ಲಿಗೆ, ಕ್ಯೂಬಾಕ್ಕೆ, ಹಣ ಕಳಿಸುವುದಿಲ್ಲ, ಅದಕ್ಕೇ ನಮ್ಮ ಪುಟದ ಖಾತೆ ನಿಯೂರ್ಕಾಳ ಅಣ್ಣ ರೌದೆಲ್ ಹೆಸರಿನಲ್ಲಿ, ಅಮೆರಿಕದ ಟಾಂಪಾದಲ್ಲಿ. ಒಂದು ವರ್ಷ ಪುಕ್ಕಟೆ ಓದಿದ ಮೇಲೆ ಈಗ 'ಗಳಿಕೆಗೆ ಅರ್ಹ' ಎಂದು ಬಂದಿದೆ. ತಿಂಗಳ ಕೊನೆಗೆ ಮೊದಲ ಹಣ. ಬರದಿದ್ದರೆ ಪುಟ ಮುಚ್ಚುವುದು ಎಂದು ಇಬ್ಬರೂ ಒಪ್ಪಿದ್ದೇವೆ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಎಷ್ಟು ದಿನ ಓದುವುದು...

ಮಾರ್ಚ್ 6

ಎವೆಲಿಯೋ ಕಾಫಿಗೆ ಬಂದಿದ್ದ. ನನ್ನ ಜೊತೆಯೇ ಕಾರ್ಖಾನೆ ಸೇರಿದವನು; ಅವರು ಚುಟ್ಟ ಸುತ್ತುವಾಗ ಎದುರು ಕೂತು ಗಟ್ಟಿಯಾಗಿ ಓದಿ ಹೇಳುವುದು ನನ್ನ ಕೆಲಸ. ನಾನು ನಿವೃತ್ತಳಾದೆ, ಅವನು ಇನ್ನೂ ಚುಟ್ಟ ಸುತ್ತುತ್ತಿದ್ದಾನೆ.

"ನಿನ್ನೆ ಕಥೇಲಿ ಆ ಜಮೀನ್ದಾರ ಸತ್ತಾಗ ಬಡಿದ್ವಲ್ಲ ಮಾರಾಯ್ತಿ, ಕೇಳಿಸ್ತಾ?"

"ಕೇಳಿಸ್ಲಿಲ್ಲ. ಕಾಣಿಸ್ತು."

ಸಂಜೆ ಐದಕ್ಕೆ ಓದು ಪುಟಕ್ಕೆ ಬರುತ್ತದೆ, ಎಲ್ಲರೂ ಒಟ್ಟಿಗೇ ಕೇಳುತ್ತಾರೆ. ಅಧ್ಯಾಯ ಮುಗಿದ ಕ್ಷಣವೇ ಕಾಮೆಂಟಿನ ತುಂಬ ಒಂದೇ ಮಾತು: ಟಕ್ ಟಕ್ ಟಕ್. ಇಲ್ಲಿನ ಹಳಬರು, ಟಾಂಪಾಕ್ಕೂ ಮಯಾಮಿಗೂ ಹೋಗಿ ನೆಲೆಸಿದ ಅವರ ಮಕ್ಕಳು, ಎಲ್ಲರದೂ. ಚುಟ್ಟ ಸುತ್ತುವ ಹಾಲಿನಲ್ಲಿ ಚಪ್ಪಾಳೆ ಇಲ್ಲ, ಕೈ ಖಾಲಿ ಇದ್ದರೆ ತಾನೆ! ಎಲೆ ಕತ್ತರಿಸುವ ಬಾಗುಗತ್ತಿಯಿಂದ ಹಲಗೆಗೆ ಬಡಿಯುತ್ತಾರೆ, ಇಡೀ ಹಾಲ್ ಒಂದೇ ಏಟಿಗೆ. ಓದು ಹಿಡಿಸದಿದ್ದರೆ ಕತ್ತಿ ನೆಲಕ್ಕೆ. ನನ್ನ ಇಡೀ ಸೇವೆಯಲ್ಲಿ ಒಮ್ಮೆ ಬಿದ್ದಿತ್ತು. ಅದು ತನ್ನ ಕೈಜಾರಿ ಬಿದ್ದದ್ದು ಎಂದು ಎವೆಲಿಯೋ ಇವತ್ತಿಗೂ ಸಾಧಿಸುತ್ತಾನೆ.

ಆ ಸದ್ದನ್ನು ಫೋನಿನಲ್ಲಿ ಬರೆಯಬಹುದು ಎಂದು ಎಲ್ಲರಿಗೂ ಹೇಳಿಕೊಟ್ಟವನೂ ಅವನೇ.

ಮಾರ್ಚ್ 17, ಮಧ್ಯಾಹ್ನ

'ಈ ಪುಟದಲ್ಲಿ ಕೃತಕ ಚಟುವಟಿಕೆ ಕಂಡುಬಂದಿದೆ. ಗಳಿಕೆಯನ್ನು ತಡೆಹಿಡಿಯಲಾಗಿದೆ.'

ಎರಡು ಸಲ ಓದಿದೆ. ವಾಕ್ಯದಲ್ಲಿ ಕರ್ತೃವೇ ಇಲ್ಲ. ಯಾರಿಗೆ ಕಂಡುಬಂತು? ಯಾರು ತಡೆದರು?

"ನೂರಾರು ಜನ ಒಂದೇ ಹೊತ್ತಿಗೆ ಒಂದೇ ಮಾತು ಬರೆದ್ರೆ ರೋಬೋಟ್ ಅಂದ್ಕೊಳ್ಳತ್ತೆ ಅತ್ತೆ. ದುಡ್ಡು ಕೊಟ್ಟು ಸುಳ್ಳು ಕಾಮೆಂಟ್ ಹಾಕಿಸ್ಕೊಳ್ಳೋರು ಇರ್ತಾರಲ್ಲ."

"ಅಂದ್ಕೊಳ್ಳೋದು ಯಾರು?"

"ಅದೂ ರೋಬೋಟೇ."

ಎವೆಲಿಯೋ ರೋಬೋಟಂತೆ! ಮಂಡಿನೋವಿರುವ, ಕಾಫಿಗೆ ಸಕ್ಕರೆ ಸಾಲದೆಂದು ಗೊಣಗುವ ರೋಬೋಟ್. ಮೇಲ್ಮನವಿ ಬರೆದೆ — ಸಿಟ್ಟಿನಲ್ಲಿ, ಆದರೆ ಚೆನ್ನಾಗಿ. ಕಾಫಿ ಕುದಿಯುವ ಮೊದಲೇ ಉತ್ತರ ಬಂತು. ತಿರಸ್ಕೃತ. ಅಷ್ಟು ಬೇಗ ಓದುವವರನ್ನು ನಾನು ಎಲ್ಲೂ ಕಂಡಿಲ್ಲ.

ಮಾರ್ಚ್ 18

ನಿಯೂರ್ಕಾ ಜೊತೆ ಜಗಳ.

"ಒಬ್ಬೊಬ್ರು ಒಂದೊಂದು ಥರ ಬರೀರಿ ಅಂತ ಹೇಳಿ, ಸಾಕು. ಒಬ್ರು ಹೂವು, ಒಬ್ರು ನಗುಮುಖ."

"ಬಡೀಬೇಡಿ ಅಂತ ಚುಟ್ಟ ಸುತ್ತೋರಿಗೆ ಹೇಳೋದಾ? ನಾನು ಹೇಳಲ್ಲ."

"ನಿಮ್ಮ ಮಾನ ಹಾಕಿದ್ರೆ ಡೇಟಾ ಬರತ್ತಾ? ಒಂದು ವರ್ಷ ನಾನೂ ದುಡಿದಿದೀನಿ ಅತ್ತೆ!"

ಅವಳ ಮಾತು ಸುಳ್ಳಲ್ಲ. ಕರೆಂಟ್ ಬಂದ ಹೊತ್ತಿಗೆ ಎದ್ದು ಫೋನ್ ಚಾರ್ಜ್ ಮಾಡಿದವಳು, ಸಿಗ್ನಲ್ ಹುಡುಕಿಕೊಂಡು ಉದ್ಯಾನದ ಬೆಂಚಿನವರೆಗೆ ನಡೆದವಳು ಅವಳು.

ನನ್ನ ಅಜ್ಜನೂ ಓದುಗಾರ. ಅವನ ಕಾಲದಲ್ಲಿ ಓದುಗಾರನಿಗೆ ಸಂಬಳ ಸುತ್ತುವವರ ಜೇಬಿನಿಂದ, ಸಂಬಳದ ದಿನ ತಲೆಗೊಂದು ನಾಣ್ಯ. ಮಾಲೀಕನಿಗೆ ಒಮ್ಮೆ ದೊಡ್ಡ ಮನಸ್ಸು ಬಂತು: ಇನ್ನು ನಾನೇ ಕೊಡುತ್ತೇನೆ ಅಂದ. ಸುತ್ತುವವರು ಲಕೋಟೆ ವಾಪಸ್ ಕಳಿಸಿದರು. ದುಡ್ಡು ಅವನದಾದರೆ ನಾಳೆ ಪುಸ್ತಕವನ್ನೂ ಅವನೇ ಆರಿಸುತ್ತಾನಲ್ಲ! ನನ್ನ ಕಾಲಕ್ಕೆ ಸಂಬಳ ಕಾರ್ಖಾನೆಯಿಂದಲೇ ಬರತೊಡಗಿತು. ಪುಸ್ತಕ ಆರಿಸಲು ಕೈ ಎತ್ತುವವರು ಮಾತ್ರ ಸುತ್ತುವ ಬೆಂಚಿನವರೇ.

ಮಾರ್ಚ್ 30

ಬರೆಯಲು ಮನಸ್ಸಿರಲಿಲ್ಲ. ಕಂಪನಿ ನಮ್ಮ ಪುಟವನ್ನು ಯಾರಿಗೂ ತೋರಿಸುತ್ತಿಲ್ಲ. ಓದುತ್ತೇನೆ, ನಾಲ್ಕು ಜನ ಕೇಳುತ್ತಾರೆ. ಹಿಂದಿನ ಬೀದಿಯಲ್ಲಿ ಫ್ಯಾನ್ ರಿಪೇರಿ ಮಾಡಿ ತೋರಿಸುತ್ತಿದ್ದ ಲಾಸಾರೋ ವಿಡಿಯೋ ಹಾಕುವುದನ್ನೇ ಬಿಟ್ಟುಬಿಟ್ಟನಂತೆ. ಅವನ ವಿಡಿಯೋಗಳನ್ನು ಕತ್ತರಿಸಿ ಹಾಡು ಹಚ್ಚಿದವನಿಗೆ ಸಂಪಾದನೆ, ಅವನಿಗೆ ಹೃದಯದ ಚಿತ್ರ. ಹೃದಯದಿಂದ ಬೇಳೆ ಬೇಯುತ್ತದೆಯೇ?

ರೌದೆಲ್ ಫೋನ್ ಮಾಡಿದ್ದ. ಕಂಪನಿ ಒಂದು ದಾರಿ ಕೊಟ್ಟಿದೆ. ಗುಂಡಿ ಒತ್ತಿದರೆ ಆ ಟಕ್ ಟಕ್ ಎಲ್ಲ ಅಳಿಯುತ್ತದೆ, ಗಳಿಕೆ ಮರಳುತ್ತದೆ. ಇನ್ನು ಮುಂದೆ ಹಾಗೆ ಬರೆಯಕೂಡದು ಎಂದು ಕೇಳುಗರಿಗೆ ತಿಳಿಸಬೇಕು.

ನಿಯೂರ್ಕಾ ಒತ್ತಲಿಲ್ಲ. ಫೋನ್ ತಂದು ನನ್ನ ಮಡಿಲಲ್ಲಿ ಇಟ್ಟಳು. "ನೀವೇ ನೋಡಿ." ಅಷ್ಟೇ.

ಏಪ್ರಿಲ್ 2

ಒತ್ತುವ ಹಕ್ಕು ನನಗೂ ಇಲ್ಲ ಅನ್ನಿಸಿತು. ಬಡಿದವರು ಕೇಳುಗರು. ಇವತ್ತು ಕಾದಂಬರಿ ಪಕ್ಕಕ್ಕಿಟ್ಟು ಕಂಪನಿಯ ನೋಟಿಸನ್ನೇ ಓದಿದೆ, ಕಾರ್ಖಾನೆಯಲ್ಲಿ ಬೆಳಗಿನ ಪತ್ರಿಕೆ ಓದುತ್ತಿದ್ದ ದನಿಯಲ್ಲಿ, ಅಲ್ಪವಿರಾಮವನ್ನೂ ಬಿಡದೆ. ಪುಟ ಮುಚ್ಚುವ ಮಾತನ್ನೂ ಹೇಳಿದೆ. ಅಳಿಸುವುದೋ ಬಿಡುವುದೋ — ಮತ ಹಾಕಿ.

ಕೇಳಿದವರು ಸ್ವಲ್ಪವೇ ಜನ. ಆದರೆ ಎವೆಲಿಯೋ ಅದನ್ನು ಮಧ್ಯಾಹ್ನದ ಬಿಡುವಿನಲ್ಲಿ ಹಾಲಿನ ಸ್ಪೀಕರಿಗೆ ಹಾಕಿಸುತ್ತಾನಂತೆ.

ಏಪ್ರಿಲ್ 4

ಎವೆಲಿಯೋ ಏದುಸಿರು ಬಿಡುತ್ತ ಬಂದ.

"ಅಳಿಸೋದು ಬೇಡ ಅಂತ ಎಲ್ಲಾ ಬೆಂಚೂ ಕೈ ಎತ್ತಿತು. ನಮ್ಮ ಓದುಗಾರ್ತೀನ ಸಾಕೋಕೆ ಕಂಪನಿ ಯಾರು? ನಾವೇನು ಸತ್ತಿದೀವಾ?"

"ನಿಮ್ಗೇ ಹೊಟ್ಟೆಗಿಲ್ಲ. ನನ್ನೇನು ಸಾಕ್ತೀರ?"

"ಪರದೇಶದಲ್ಲಿ ನಮ್ಮ ಮಕ್ಕಳಿದಾರಲ್ಲ, ಅವರ ಕಿವಿ ಹಿಂಡಿದೀವಿ. ನೀನು ಸುಮ್ನೆ ಓದು."

ಅವನು ಕೂತು ಕಾಫಿ ಕುಡಿಯುವಷ್ಟರಲ್ಲೇ ಫೋನ್ ಕಿಣಿಕಿಣಿ ಅನ್ನತೊಡಗಿತು. ರೀಚಾರ್ಜ್. ಇನ್ನೊಂದು ರೀಚಾರ್ಜ್. ಹೊರದೇಶದಿಂದ ನಮ್ಮ ಫೋನಿಗೆ ದುಡ್ಡು ಹಾಕುವ ಈ ದಾರಿ ಇಲ್ಲಿ ಮನೆಮನೆಗೂ ಗೊತ್ತು. ಅಮ್ಮನಿಗೆ, ಅಜ್ಜಿಗೆ ಹಾಕುತ್ತಾರೆ. ಓದಿಗೆ ಹಾಕಿದ್ದು ನಾನು ಕಂಡಂತೆ ಇದೇ ಮೊದಲು.

ಏಪ್ರಿಲ್ 9

ಲೆಕ್ಕ ನೋಡಿದಳು ನಿಯೂರ್ಕಾ. ಕಂಪನಿ ಕೊಡಬೇಕಿದ್ದ ಹಣಕ್ಕಿಂತ ಕಡಿಮೆಯೇ. ಡೇಟಾಕ್ಕೆ ಆಗುತ್ತದೆ, ಅವಳಿಗೂ ಒಂದಿಷ್ಟು ಉಳಿಯುತ್ತದೆ. ಸಿರಿವಂತಿಕೆಯೇನಲ್ಲ. ಪುಟ ಮುಚ್ಚಬೇಕಿಲ್ಲ ಅಷ್ಟೇ.

ಮಯಾಮಿಯ ಟೈರ್ ಅಂಗಡಿಯವನೊಬ್ಬ ಎಲ್ಲರಿಗಿಂತ ದೊಡ್ಡ ಮೊತ್ತ ಹಾಕಿ ಸಂದೇಶ ಕಳಿಸಿದ: 'ಮುಂದಿನ ಪುಸ್ತಕ ನಾನು ಹೇಳಿದ್ದು. ಕುದುರೆ ಸವಾರರದ್ದು, ಬಂದೂಕು ಇರುವಂಥದ್ದು.' ಉತ್ತರ ಹೇಳಿ ಬರೆಯಿಸಿದೆ: 'ಮಗನೇ, ಬಹಳ ಉಪಕಾರವಾಯಿತು. ನಿನಗೂ ಒಂದೇ ಮತ.'

ನಿಯೂರ್ಕಾ ಬೆರಳು ತಡೆದಳು. "ಅತ್ತೆ, ಅವನು ಮುನಿಸ್ಕೊಂಡ್ರೆ?"

"ಮುನಿಸ್ಕೊಳ್ಳಲಿ. ಕಳಿಸು."

ಸಂಜೆ ಅವನ ಉತ್ತರ: 'ನಮ್ಮಪ್ಪನೂ ಹೀಗೇ ಬೈತಿದ್ದ. ಆಯ್ತು, ಒಂದೇ ಮತ.'

ಏಪ್ರಿಲ್ 11, ಬೆಳಗ್ಗೆ

ಮುಂದಿನ ಪುಸ್ತಕದ ಮತ ಮುಗಿಯಿತು. ಟೈರ್ ಅಂಗಡಿಯವನ ಪುಸ್ತಕ ಸೋತಿತು. ಗೆದ್ದದ್ದು ದಪ್ಪ ಪುಸ್ತಕ, ಮಳೆಗಾಲದವರೆಗೂ ಬರುತ್ತದೆ. ಒಂದು ನಿಮಿಷಕ್ಕೆ ಇಳಿಸುವ ಮಾತನ್ನು ನಿಯೂರ್ಕಾ ಎತ್ತಲೇ ಇಲ್ಲ.

ಈಗಷ್ಟೇ ಅಡುಗೆಮನೆಯಿಂದ ಅವಳು ರೌದೆಲ್‌ಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಆ ಗುಂಡಿ ವಿಷ್ಯ ಇನ್ನೊಂದ್ಸಲ ಎತ್ತಬೇಡ ಕಣೋ. ನಮ್ಮತ್ತೆಗೆ ಸಂಬಳ ಕೊಡೋರು ಕೇಳೋರು. ಕಂಪನಿ ಅಲ್ಲ."

ಇದೇ ಮಾತನ್ನು ಅಜ್ಜ ಹೇಳುತ್ತಿದ್ದ. ಅವಳು ಅವನನ್ನು ನೋಡಿಯೂ ಇಲ್ಲ. ಬರೆದದ್ದು ಸಾಕು. ಕರೆಂಟ್ ಇದೆ, ಸಿಗ್ನಲ್ ಇದೆ, ಕನ್ನಡಕ ಎಲ್ಲಿ... ಬಂದೆ ನಿಯೂರ್ಕಾ, ಬಂದೆ. ಅಧ್ಯಾಯ ಒಂದು —