ಒಂದು ಕಟ್ಟು ಭೂರ್ಜದ ತೊಗಟೆ

ಆಗಸ್ಟ್ 7

ಹನ್ನೊಂದು ಹೊದಿಕೆ ಒಗೆದಾಯಿತು. ಇನ್ನೂ ಹನ್ನೆರಡು ಬಾಕಿ. ನಾಡಿದ್ದು ಮಕ್ಕಳ ಶಿಬಿರ, ಅವತ್ತೇ ಚಂಡಮಾರುತವೂ ಬರುತ್ತದಂತೆ. ರುಫೀನೋ ರೇಡಿಯೊ ಮುಂದೆ ಕೂತು, “ದೇವರು ದಾರಿ ತೋರಿಸ್ತಾನೆ ಕಣೇ ಕೋರಾ” ಎಂದ. “ಹೊದಿಕೆ ಒಣಗಿಸೋಕೂ ಅವನೇ ಬರ್ತಾನಾ?” ಎಂದೆ. ಪಾದ್ರಿಯ ಹೆಂಡತಿ ಹೀಗೆಲ್ಲ ಮಾತಾಡಬಾರದು. ಮಾತಾಡಿಯಾಯಿತು.

ಆಗಸ್ಟ್ 8, ಮಧ್ಯಾಹ್ನ

ಶಿಬಿರ ಎರಡು ದಿನ ಮುಂದೆ ಹೋಯಿತು. 11ರಿಂದ 14. ಆಮೇಲೆ ಕೆರೆ ದಡದ ಕಟ್ಟಡ ಬೇರೆಯವರಿಗೆ ಬುಕ್ ಆಗಿದೆ, ಬೇರೆ ಗತಿಯಿಲ್ಲ.

ಆದರೆ 13ಕ್ಕೆ ಓಬೋನ್, ಇಲ್ಲಿಯವರ ಪಿತೃಗಳ ಹಬ್ಬ, ಶುರು. ಮನಿಲಾ ಬಿಟ್ಟು ಜಪಾನಿನ ನಾಗಾನೋಗೆ ಬಂದು ಹತ್ತೊಂಬತ್ತು ವರ್ಷ. ಒಂದು ಸಲವೂ ಓಬೋನಿಗೆ ಶಿಬಿರ ಇಟ್ಟವಳಲ್ಲ. ತೀರಿಕೊಂಡವರು ಮನೆಗೆ ಬರುವ ಹೊತ್ತಿಗೆ ಮಕ್ಕಳನ್ನು ಹೊರಗೆ ಯಾರು ಕಳಿಸುತ್ತಾರೆ? ಬೆಳಿಗ್ಗೆಯಿಂದ ಫೋನೋ ಫೋನು. ಎಲ್ಲರಿಗೂ ನಾನು ‘ಸೆನ್ಸೇ’, ಅಂದರೆ ಟೀಚರ್. “ತುಂಬಾ ಕ್ಷಮಿಸ್ಬೇಕು ಸೆನ್ಸೇ, ಆ ದಿನ ನಮಗೆ ಸ್ವಲ್ಪ...” ಅಷ್ಟೇ. ಇಲ್ಲಿ ‘ಸ್ವಲ್ಪ’ ಎಂದು ನಿಲ್ಲಿಸಿದರೆ ‘ಖಂಡಿತಾ ಇಲ್ಲ’ ಎಂದೇ ಲೆಕ್ಕ. ಇಪ್ಪತ್ಮೂರು ಮಕ್ಕಳಲ್ಲಿ ಎಂಟು ಉಳಿದವು.

ಸಂಜೆ 5

ಒಂಬತ್ತು! ಸೋಯಾ ಅರೆದು ಮಿಸೋ ಮಾಡುವ ಕಾರ್ಖಾನೆಯ ಮೊಮೊಸೆ-ಸಾನ್ ಎನ್ನುವವರು ಫೋನ್ ಮಾಡಿದ್ದರು. ಪರಿಚಯವೇ ಇಲ್ಲ, ಅಂಗಡಿಯಲ್ಲಿ ನಮ್ಮ ಪೋಸ್ಟರ್ ನೋಡಿದರಂತೆ. ಮಗಳಿಗೆ ಎಂಟು ವರ್ಷ. “ಹದಿಮೂರನೇ ತಾರೀಕು ಅವಳು ಅಲ್ಲೇ ಇರ್ತಾಳಲ್ವಾ? ಸಂಜೇನೂ?” ಎರಡು ಸಲ ಕೇಳಿದರು. ಇರುತ್ತಾಳೆ, ಖಂಡಿತ ಎಂದೆ. ಫೋನಿಟ್ಟು ದೇವರಿಗೆ ಸ್ತೋತ್ರ ಹೇಳಿ ಕುಣಿದೇಬಿಟ್ಟೆ. ಯಾಕೆ ಕೇಳಿದರು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ.

ಆಗಸ್ಟ್ 11

ಮಕ್ಕಳು ಬಂದರು. ಒಂಬತ್ತು ಟೋಪಿ, ಒಂಬತ್ತು ನೀರಿನ ಬಾಟಲಿ, ಕೊರಳಲ್ಲಿ ಶಾಲೆಯವರು ರಜೆಗೆಂದು ಕೊಟ್ಟ ಬೆಳಗಿನ ವ್ಯಾಯಾಮದ ಕಾರ್ಡು. ದಿನಾ ಮುದ್ರೆ ಒತ್ತಬೇಕು, ಮರೆತರೆ ಶಾಲೆ ನನ್ನನ್ನು ಬಿಡುವುದಿಲ್ಲ.

ಮೊಮೊಸೆ-ಸಾನರ ಮಗಳ ಹೆಸರು ಚಿಗುಸಾ. ಫಾರಮ್ಮಿನಲ್ಲಿ ‘ತಾಯಿ’ ಎಂಬ ಜಾಗಕ್ಕೆ ಸ್ಕೇಲ್ ಇಟ್ಟು ನೇರವಾಗಿ ಗೆರೆ ಎಳೆದಿದ್ದಾರೆ. ಫೆಬ್ರವರಿಯಲ್ಲಿ ತೀರಿಕೊಂಡರಂತೆ. ಏಪ್ರಿಲ್‌ನಲ್ಲಿ ಅಪ್ಪ ಮಗಳು ಮನೆ ಬದಲಾಯಿಸಿದರಂತೆ.  ಮಗುವೇನೂ ಅಳುಮುಂಜಿಯಲ್ಲ. ನನ್ನ ಅಡುಗೆ ಕೋಟು ನೋಡಿ, “ಸೆನ್ಸೇ, ಗುಂಡಿ ತಪ್ಪಾಗಿ ಹಾಕ್ಕೊಂಡಿದೀರ” ಎಂದಳು. ಹೌದು, ಹಾಕಿಕೊಂಡಿದ್ದೆ.

ಆಗಸ್ಟ್ 12

ಬೆಳಿಗ್ಗೆ ರುಫೀನೋ, ನೂರು ಕುರಿಗಳಲ್ಲಿ ಕಳೆದುಹೋದ ಒಂದನ್ನು ಹುಡುಕಿ ಹೋದ ಕುರುಬನ ಕಥೆ ಹೇಳಿದ. ಕೇಳುವಾಗ ಎಲ್ಲರೂ ಗಂಭೀರ. ಮುಗಿದ ಮೇಲೆ ಒಬ್ಬ ಕೈ ಎತ್ತಿದ. “ಉಳಿದ ತೊಂಬತ್ತೊಂಬತ್ತಕ್ಕೆ ತೊಂದ್ರೆ ಆಗಲಿಲ್ವಾ?” ಪ್ರತಿ ವರ್ಷ ಇದೇ ಪ್ರಶ್ನೆ. ರುಫೀನೋ ಪ್ರತಿ ವರ್ಷ ಹೊಸದಾಗಿ ಬೆವರುತ್ತಾನೆ.

ಮಧ್ಯಾಹ್ನ ಕರಕುಶಲ. ಕಾಡಿನಲ್ಲಿ ಬಿದ್ದ ಭೂರ್ಜದ ತೊಗಟೆ ತಂದು ಶಿಲುಬೆ ಅಂಟಿಸುವುದು. ಚಿಗುಸಾ ಅಂಟಿಸಲಿಲ್ಲ, ಬರೀ ಒಟ್ಟುಮಾಡಿದಳು. ಒಣಗಿದ್ದು, ತೆಳ್ಳಗಿದ್ದು, ಆರಿಸಿ ಆರಿಸಿ. “ಎಲ್ಲಾ ನೀನೇ ತಗೊಂಡ್ರೆ ಬೇರೆಯವರಿಗೆ?” ಎಂದು ಗದರಿದೆ. ಅರ್ಧ ವಾಪಸ್ ಇಟ್ಟಳು.

ಆಗಸ್ಟ್ 13, ಮಧ್ಯಾಹ್ನ 1

ಮಳೆ. ಒಳಗೇ ಆಟ, ಕಿವಿ ಹಾರಿಹೋಗುವ ಗಲಾಟೆ. ಚಿಗುಸಾ ಎರಡು ತುತ್ತು ಉಂಡು ಎದ್ದಳು. “ಸೆನ್ಸೇ, ಇಲ್ಲಿ ಎಷ್ಟೊತ್ತಿಗೆ ಕತ್ತಲಾಗುತ್ತೆ?” ಹೆದರಿಕೆ ಇರಬೇಕು ಎಂದು ಅವಳ ಹಾಸಿಗೆ ನನ್ನ ಪಕ್ಕಕ್ಕೆ ಹಾಕಿಸಿದೆ.

ಆಗಸ್ಟ್ 14, ಬೆಳಿಗ್ಗೆ 5.10

ಮಕ್ಕಳು ಏಳುವ ಮುಂಚೆ ಬರೆದುಬಿಡಬೇಕು. 

ನಿನ್ನೆ ಸಂಜೆ ಆರು. ಮಳೆ ನಿಂತಿತ್ತು. ಕೊನೆಯ ಸಂಜೆಯ ಹಾಡು, ಪ್ರಾರ್ಥನೆ, ‘ಯೇಸುವನ್ನು ಯಾರ್ಯಾರು ನಂಬ್ತೀರಿ’ ಎಂದು ಕೇಳುವುದು — ಎಲ್ಲಾ ಬೆಂಕಿಯ ಸುತ್ತಲೇ. ಸೌದೆ ಒದ್ದೆ. ರುಫೀನೋ ಊದಿ ಊದಿ ಕಣ್ಣು ಕೆಂಪು. ಜಗಲಿಯ ಬೆಂಚಿನ ಕೆಳಗೆ ಪೇಪರಿನಲ್ಲಿ ಸುತ್ತಿದ ತೊಗಟೆಯ ಕಟ್ಟು ಕಂಡಿತು. ಕರಕುಶಲದಲ್ಲಿ ಉಳಿದದ್ದು ಎಂದುಕೊಂಡೆ. ಓಬೋನಿನ ಮೊದಲ ಸಂಜೆ ಈ ಸೀಮೆಯ ಮನೆಮನೆ ಬಾಗಿಲಲ್ಲೂ ಇದೇ ತೊಗಟೆ ಸುಡುತ್ತಾರೆ. ಸತ್ತವರು ಆ ಹೊಗೆ ಹಿಡಿದು ಮನೆ ಸೇರುತ್ತಾರಂತೆ. ಹತ್ತೊಂಬತ್ತು ವರ್ಷ ನೋಡಿದ್ದೇನೆ. ಆದರೂ ಹೊಳೆಯಲಿಲ್ಲ. ಒಂದೇ ಕಡ್ಡಿ ಗೀರಿದೆ, ಭಗ್ಗೆಂದು ಹೊತ್ತಿಕೊಂಡಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಚಿಗುಸಾ ತಟ್ಟಲಿಲ್ಲ. “ಸೆನ್ಸೇ, ಅದು ನಮ್ಮನೇದು.”

“ಏನು ಪುಟ್ಟಾ?”

“ತೊಗಟೆ. ನಾಳೆ ಮನೇಲಿ ಹಚ್ಚೋಕೆ ಇಟ್ಕೊಂಡಿದ್ದೆ. ಒಂದಿನ ಲೇಟಾದ್ರೂ ಪರವಾಗಿಲ್ಲ, ಅಮ್ಮಾನೂ ಯಾವಾಗ್ಲೂ ಲೇಟೇ.” ಹೊಗೆ ಕೆರೆಯ ಮೇಲೆ ಹೋಗುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. “ಈಗ ಅಮ್ಮ ಇಲ್ಲಿಗೇ ಬಂದ್ಬಿಡ್ತಾಳೆ. ಹೊಸ ಮನೆ ಎಲ್ಲಿದೆ ಅಂತ ಅವ್ಳಿಗೆ ಗೊತ್ತಿಲ್ಲ.”

ಆಮೇಲೆ ಅತ್ತಳು. 

ಹೇಳಬೇಕಾದ ಮಾತು ನನಗೆ ಗೊತ್ತು. ಅಮ್ಮ ದೇವರ ಹತ್ತಿರ ಇದ್ದಾಳೆ, ಹೊಗೆ ಹಿಡಿದು ಯಾರೂ ಬರುವುದಿಲ್ಲ. ನೂರಾರು ಮಕ್ಕಳಿಗೆ ಹೇಳಿದ್ದೇನೆ. ನಾಲಿಗೆ ತುದಿಯವರೆಗೆ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

ಶಿಬಿರದ ಅಡುಗೆಗೆ ಬಂದ ನಮ್ಮ ಚರ್ಚಿನ ಫುಸಾ ಅಜ್ಜಿ ನನ್ನನ್ನು ಪಕ್ಕಕ್ಕೆ ಎಳೆದರು. “ಅವರಪ್ಪ ಈ ಸಲ ಏನೂ ಮಾಡಲ್ಲ ಅಂದಿದಾನಂತೆ. ಸತ್ತ ಮೊದಲ ವರ್ಷದ ಓಬೋನು. ಮಾಡಿದ್ರೆ ಹೆಂಡ್ತಿ ಸತ್ತಿದ್ದು ನಿಜ ಆಗ್ಬಿಡುತ್ತೆ ಅಂತ. ಅದಕ್ಕೇ ಮಗೂನ ಇಲ್ಲಿ ಬಿಟ್ಟಿರೋದು. ನಿನ್ನೆ ನನ್ನ ಹತ್ರ ಎಲ್ಲಾ ಹೇಳಿದ್ಲು.”

“ನಂಗ್ಯಾಕೆ ಹೇಳಲಿಲ್ಲ?”

“ಬೈತೀರಲ್ಲಾ ನೀವು!” ಅಜ್ಜಿ ನೆಲ ನೋಡಿದರು. “ಬ್ಯಾಪ್ಟಿಸಮ್ ತಗೊಂಡು ಮೂವತ್ತು ವರ್ಷ ಆಯ್ತು. ನಾನೂ ನಮ್ಮೆಜಮಾನ್ರಿಗೆ ಹಚ್ತೀನಿ, ಹಿತ್ತಲಲ್ಲಿ. ಈಗ ಬೈರಿ.”

ಬೈಯಲಿಲ್ಲ. ನನ್ನ ಪಾಠ ಎಲ್ಲಿಗೆ ಮುಟ್ಟಿದೆ ಎಂದು ಗೊತ್ತಾಯಿತು, ನೋವೂ ಆಯಿತು. ಅಜ್ಜಿ ಆಗಲೇ ಚಿಗುಸಾ ಮುಂದೆ ಕೂತಿದ್ದರು.

“ಅಳ್ಬೇಡ ಕಣೇ. ಇಲ್ಲಿಗ್ ಬಂದ್ರೆ ಇಲ್ಲಿಂದ ಕರ್ಕೊಂಡ್ ಹೋಗು. ಓಬೋನಿಗೆ ಸತ್ತವರನ್ನ ಸಮಾಧಿಯಿಂದ ನಾವೆಲ್ಲ ಹೆಂಗೆ ಕರ್ಕೊಂಡ್ ಬರ್ತೀವಿ? ಬೆನ್ನ ಮೇಲೆ. ಹಿಂಗೆ.” ಎರಡೂ ಕೈ ಹಿಂದೆ ಕಟ್ಟಿ, ಕೂಸುಮರಿ ಹೊತ್ತವರ ಹಾಗೆ ಬಗ್ಗಿ ತೋರಿಸಿದರು.

ಚಿಗುಸಾ ಮೂಗು ಒರೆಸಿಕೊಂಡಳು. ಬೆಂಕಿಗೆ ಬೆನ್ನು ಮಾಡಿ ಬಗ್ಗಿ ನಿಂತಳು. ಸುಮಾರು ಹೊತ್ತು. ಆಮೇಲೆ ಕೈ ಹಿಂದೆ ಕಟ್ಟಿ, “ಆಯ್ತು” ಎಂದಳು.

ರುಫೀನೋ ಗಿಟಾರ್ ಹಿಡಿದೇ ಬಂದ. “ಕೋರಾ, ಇವತ್ತಿನ ಮಾತು ಆ ಮಗು ಕೇಳಬೇಕಾಗಿತ್ತು. ನಾವು ಬಂದಿರೋದೇ ಅದಕ್ಕಲ್ವಾ?” ಸಿಟ್ಟಲ್ಲ, ಬೇಜಾರು.  ಅವನು ಹಿಂದೆ ಕಟ್ಟಿದ ಆ ಎರಡು ಕೈ ನೋಡಿದ. ಜೇಬಿನಿಂದ ವ್ಯಾನಿನ ಕೀ ತೆಗೆದ. “ನಿಧಾನ ಓಡಿಸು. ರಸ್ತೆ ಜಾರುತ್ತೆ.” ಈ ಮನುಷ್ಯನನ್ನು ನಾನು ಸುಮ್ಮನೆ ಕಟ್ಟಿಕೊಳ್ಳಲಿಲ್ಲ.

ನಲವತ್ತು ನಿಮಿಷದ ದಾರಿ. ಅವಳು ಸೀಟಿಗೆ ಒರಗಲೇ ಇಲ್ಲ, ತುದಿಯಲ್ಲಿ ಕೂತಿದ್ದಳು. ಬೆಲ್ಟ್ ನಾನೇ ಹಾಕಿದೆ, ಬಿಗಿಯಾಗದ ಹಾಗೆ. ಮುಂದೆ ಸುರಂಗ ಬಂತು.

“ಅಮ್ಮಂಗೆ ಕತ್ತಲು ಅಂದ್ರೆ ಆಗಲ್ಲ.”

ಒಳಗಿನ ದೀಪ ಹಾಕಿದೆ. ನಾನೇ ಹಾಕಿದೆ. ಸುರಂಗ ಮುಗಿದ ಮೇಲೂ ಆರಿಸಲಿಲ್ಲ.

“ಸೆನ್ಸೇಗೆ ಅಮ್ಮ ಇದಾರಾ?”

“ಇಲ್ಲ ಪುಟ್ಟಾ. ತೀರ್ಕೊಂಡು ಏಳು ವರ್ಷ ಆಯ್ತು. ನನ್ನೂರಲ್ಲಿ.”

“ಸೆನ್ಸೇ ಈಗ ಎಲ್ಲಿದೀರ ಅಂತ ಅವರಿಗೆ ಗೊತ್ತಾ?”

ಅಮ್ಮ ಒಂದು ಸಲವೂ ಜಪಾನಿಗೆ ಬಂದವಳಲ್ಲ. ಮಣ್ಣಿಗೆ ನಾನು ಹೋಗಲಿಲ್ಲ, ಆ ವಾರವೂ ಒಂದು ಶಿಬಿರವಿತ್ತು. ನವೆಂಬರಿನಲ್ಲಿ, ನಮ್ಮೂರಿನ ಸತ್ತವರ ದಿನಕ್ಕೆ, ಅಕ್ಕ ಸಮಾಧಿಗೆ ಮೇಣದಬತ್ತಿ ಹಚ್ಚುತ್ತೇನೆ ಎಂದಾಗ, ಅದರಿಂದೇನು ಪ್ರಯೋಜನ ಎಂದು ಕಾಗದ ಬರೆದೆ. ನಾನೇ ಬರೆದೆ ಅದನ್ನು. ವ್ಯಾನ್ ಪಕ್ಕಕ್ಕೆ ನಿಲ್ಲಿಸಿ ಕಣ್ಣೊರೆಸಿಕೊಳ್ಳಬೇಕಾಯಿತು. 

ಅವರ ಹೊಸ ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲನ್ನು ಒಂದೊಂದಾಗಿ ಹತ್ತಿದಳು, ಬಗ್ಗಿಕೊಂಡೇ. ಮೊಮೊಸೆ-ಸಾನ್ ಬಾಗಿಲು ತೆಗೆದರು. ಕಾರ್ಖಾನೆಯ ಅಂಗಿಯಲ್ಲೇ ಇದ್ದರು, ಒಳಗೆ ಟೀವಿ ಜೋರಾಗಿ ಹಾಕಿತ್ತು. ನಾನು ಸೊಂಟ ಬಗ್ಗಿಸಿ ಶುರು ಮಾಡಿದೆ — ತಪ್ಪು ನನ್ನದು, ತೊಗಟೆ ಸುಟ್ಟವಳು ನಾನು, ಮಗು ಏನೂ... ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಮಗಳ ಕೈಗಳನ್ನು ನೋಡುತ್ತಿದ್ದರು.

“ಅಪ್ಪಾ, ಬೇಗ. ಕೈ ನೋಯ್ತಿದೆ.”

ಬೈಯುತ್ತಾರೆ ಎಂದುಕೊಂಡೆ. ಬಾಗಿಲು ಹಾಕಿಬಿಡುತ್ತಾರೆ ಎಂದುಕೊಂಡೆ. ಅವರು ಹೋಗಿ ಟೀವಿ ಆರಿಸಿದರು. ವಾಪಸ್ ಬಂದು, ಚಪ್ಪಲಿಗಳ ನಡುವೆ ನಮಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತರು. ಕೈ ಹಿಂದೆ ಚಾಚಿದರು.

“ಕೊಡು. ನಿಂಗೆ ಭಾರ.”

“ಮೆಲ್ಲಗೆ, ಅಪ್ಪಾ.”

ಅವಳು ತಿರುಗಿ, ಬೆನ್ನಿಗೆ ಬೆನ್ನು ತಾಗಿಸಿ, ಕೈ ಬಿಟ್ಟಳು. ಅವರು ಗೋಡೆ ಹಿಡಿಯದೆ ಎದ್ದರು, ನಿಧಾನವಾಗಿ, ನಿಜವಾಗಿ ಭಾರ ಹೊತ್ತವರು ಏಳುವ ಹಾಗೆ. “ಇದೇ ನೋಡು ಮನೆ” ಎಂದರು. ಮಗಳಿಗಲ್ಲ, ನನಗಲ್ಲ. “ಚಿಕ್ಕದು. ಬೇಜಾರ್ ಮಾಡ್ಕೋಬೇಡ.”

ಹೊಸ್ತಿಲಾಚೆ ನಿಂತು ತಲೆ ಬಾಗಿಸಿದೆ. ಅವರಿಗೆ. ಮಗುವಿಗೆ. ಆಮೇಲೆ ಇನ್ನೊಂದು ಸಲ, ಅವರ ಬೆನ್ನ ಮೇಲಿದ್ದವರಿಗೆ.